ಹೊಣೆಯಲ್ಲ

ಗುಂಡುಸೂಜಿಗಳನ್ನು ತುಟಿಯಲ್ಲಿ ಹಿಡಿದುಕೊಂಡೇ
ಮೂವತ್ತೊಂದು ವರ್ಷ ಅಳತೆ ತೆಗೆದವನು ನಾನು.
ಮಾತು ಬಂದರೆ ಎಡಗಡೆಯಿಂದ ಮಾತು,
ಬಲಗಡೆ ಆರು ಸೂಜಿ. ಒಂದೂ ಬಿದ್ದದ್ದಿಲ್ಲ.

ಒಂದು ದಿನ, ರವಿಕೆಗೆ ಅಳತೆ ಕೊಡುತ್ತಿದ್ದ ಟೀಚರಮ್ಮ
ಥಟ್ಟನೆ ಹಿಂದೆ ಸರಿದು, "ರಕ್ತ!" ಅಂದರು.
ಯಾರಿಗೆ? ಎಲ್ಲಿ?
ಕನ್ನಡಿಗೆ ತಿರುಗಿದೆ.
ತುಟಿಯೊಳಗೆ ಅರ್ಧ ಇಳಿದ ಸೂಜಿ,
ಗದ್ದದ ತನಕ ಒಂದು ಕೆಂಪು ಎಳೆ.
ನೋವು ಮಾತ್ರ ಎಲ್ಲೂ ಇಲ್ಲ,
ಯಾರದೋ ಬಟ್ಟೆಗೆ ಚುಚ್ಚಿದ ಹಾಗೆ.

ಬುದ್ಧಿಹಲ್ಲು ಅಂತಾರೆ.
ನಲವತ್ತೊಂಬತ್ತಕ್ಕೆ ನನಗೆ ಬುದ್ಧಿ ನೋಯತೊಡಗಿತು.
"ಅಡ್ಡ ಮಲಗಿದೆ, ನರದ ಮೇಲೇ ಮಲಗಿದೆ"
ಎಂದು ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು.
ಸಬರ್ಬನ್ ಬಸ್‌ಸ್ಟ್ಯಾಂಡಿನಲ್ಲಿ
ಕೊನೇ ಬಸ್ಸು ತಪ್ಪಿ ಒರಗಿದವನ ಹಾಗಿತ್ತು ಅದು.
ಸೈನ್ ಹಾಕಿ ಅಂದರು. ಹಾಕಿದೆ.
ಕಾಗದದ ತುಂಬ ಸಣ್ಣಕ್ಷರ,
ಕನ್ನಡಕ ಅಂಗಡಿಯಲ್ಲಿತ್ತು.

ಹತ್ತಿ ಕಚ್ಚಿಕೊಂಡು ಶಿವರಾಂಪೇಟೆಗೆ ನಡೆದೇ ಬಂದೆ.
ಸಂಜೆಗೆ ಜೋಮು ಬಿಡುತ್ತೆ ಅಂದಿದ್ದರು.
ಸಂಜೆಯಾಯಿತು.
ಬಾವು ಇಳಿಯಿತು, ಹೊಲಿಗೆ ತಾನೇ ಕರಗಿತು,
ದಸರಾದ ಅರ್ಜೆಂಟ್ ಬ್ಲೌಸುಗಳೆಲ್ಲ ಮುಗಿದವು,
ಜೋಮು ಬಿಡಲಿಲ್ಲ.

ಮತ್ತೆ ಹೋದಾಗ ಡಾಕ್ಟರು ಕಣ್ಣು ಮುಚ್ಚಿಸಿ
ಹತ್ತಿಯ ಎಳೆಯಲ್ಲಿ ಸವರುತ್ತಾ ಕೇಳಿದರು:
ಇಲ್ಲಿ? ಗೊತ್ತಾಗುತ್ತೆ. ಇಲ್ಲಿ? ಗೊತ್ತಾಗುತ್ತೆ.
ಇಲ್ಲಿ?
ಇನ್ನೂ ಮುಟ್ಟಿಲ್ಲವೇನೋ ಅಂತ ಕಾಯುತ್ತಿದ್ದೆ.
ಮುಟ್ಟಿ ಆಗಿತ್ತು.

ಪೆನ್ನಿನಲ್ಲಿ ಗೆರೆ ಎಳೆದರು, ತುಟಿಯ ನಡುವಿನಿಂದ ಗದ್ದದ ತುದಿಗೆ,
ಅಲ್ಲಿಂದ ಓರೆಯಾಗಿ ಮೇಲಕ್ಕೆ.
ನನ್ನ ಕಸುಬಿನ ಕಣ್ಣಿಗೆ ಅದು ಒಳ್ಳೆಯ ಕಟಿಂಗು,
ಕಂಕುಳಿಗೆ ಕೂಡಿಸುವ ಮೂಲೆಯ ತುಂಡಿನಷ್ಟು.
ತೆಗೆದರೆ ಯಾರಿಗೂ ತಿಳಿಯದು,
ಕೈ ಎತ್ತಿದಾಗಷ್ಟೇ ಪಿಸಿಯುತ್ತದೆ.

"ಮೂರು ತಿಂಗಳು ನೋಡೋಣ" ಅಂದರು.

ನನ್ನ ಬಿಲ್ಲಿನ ಹಿಂದೆಯೂ ಹಾಗೇ ಅಚ್ಚಾಗಿದೆ:
ಮೂರು ತಿಂಗಳೊಳಗೆ ಬಟ್ಟೆ ಒಯ್ಯದಿದ್ದರೆ
ನಾವು ಹೊಣೆಯಲ್ಲ.

ಹೋದದ್ದೇನು ಅಂತ ಲೆಕ್ಕ ಕೊಡಲು ನಾಚಿಕೆ.
ಸೂಜಿಗಳು ಈಗ ಎಡಗೈ ಪಟ್ಟಿಯಲ್ಲಿ.
ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿದರೆ
ದಾರ ಇದೆಯೋ ಇಲ್ಲವೋ ತಿಳಿಯದು,
ಕಾಜಾ ಹುಡುಗ ಮುನಾವರ್ ಪೋಣಿಸಿ ಕೊಡುತ್ತಾನೆ.
ಕಾಫಿ ಕುಡಿಯುವಾಗ ಲೋಟದ ಅಂಚು
ಅರ್ಧಕ್ಕೇ ಮುರಿದಿದೆ ಅನಿಸಿ ತಿರುಗಿಸಿ ನೋಡುತ್ತೇನೆ.
ರಾತ್ರಿ ಮಾತ್ರ ಆ ಸತ್ತ ಜಾಗದಲ್ಲೇ ಇರುವೆ ಸಾಲು.
ಒರೆಸಿದರೆ ಕೈಗೆ ಒಂದೂ ಸಿಗುವುದಿಲ್ಲ.

"ಹಲ್ಲು ತಾನೇ!" ಅನ್ನುತ್ತಾರೆ.
"ನೋಡೋಕೆ ಏನೂ ಗೊತ್ತಾಗಲ್ಲ ಬಿಡಿ."
ಹೌದು, ನೋಡೋಕೆ.

ಊಟಕ್ಕೆ ಕೂತಾಗ ರುಕ್ಮಾಬಾಯಿ
ಏನೂ ಹೇಳದೆ ತನ್ನ ಗದ್ದ ತಾನು ಮುಟ್ಟಿಕೊಳ್ಳುತ್ತಾಳೆ.
ನಾನು ನನ್ನದನ್ನು ಒರೆಸಿಕೊಳ್ಳುತ್ತೇನೆ.
ಒಂದು ಅಗುಳು, ಒಂದು ಹನಿ ಸಾರು.
ಮೊನ್ನೆ ಷಡ್ಡಕನ ಮಗಳ ಮದುವೆಯಲ್ಲಿ
ಎದುರು ಪಂಕ್ತಿಯಿಂದ ಹಾಗೇ ಮುಟ್ಟಿಕೊಂಡಳು.
ಪಕ್ಕದವರು ಏನೋ ತಿಳಿದು ಮುಸಿಮುಸಿ ನಕ್ಕರು.
ಒರೆಸಿಕೊಂಡೆ. ಕೈಗೆ ಏನೂ ಹತ್ತಲಿಲ್ಲ.
ಅವಳು ಯಾರ ಜೊತೆಗೋ ಮಾತಾಡುತ್ತಿದ್ದಳು,
ಸುಮ್ಮನೆ ಗದ್ದಕ್ಕೆ ಕೈ ಹಚ್ಚಿ.

ಒಳಗಿನ ಸರಳಿನಲ್ಲಿ ಯಾರೂ ಒಯ್ಯದ ಬಟ್ಟೆಗಳಿವೆ.
ನಾಲ್ಕು ವರ್ಷದ ಒಂದು ಸಫಾರಿ,
ಜರಿ ಅಂಚಿನ ಪುಟ್ಟ ಲಂಗ
(ಆ ಮಗುವಿಗೆ ಈಗ ಮೊಣಕಾಲಿಗೂ ಬಾರದು).
ಬಿಲ್ಲಿನ ಹಿಂದೆ ಏನೇ ಇರಲಿ,
ಶನಿವಾರ ಧೂಳು ಕೊಡವಿ ಮತ್ತೆ ನೇತುಹಾಕುತ್ತೇನೆ.

ಹದಿನೇಳು ತಿಂಗಳು.
ಅಂಗಡಿಯ ದೀಪ ಆರಿಸಿ, ಶಟರ್ ಎಳೆಯುವ ಮುಂಚೆ,
ಗುರುತು ಹಾಕುವ ಸೀಮೆಸುಣ್ಣದ ಅಂಚಿನಿಂದ
ಗದ್ದದ ಮೇಲೆ ಎಳೆದು ನೋಡುತ್ತೇನೆ:
ಇಲ್ಲಿ?
ಇಲ್ಲಿ?

ಮನೆಯ ಬಾಗಿಲಲ್ಲೇ ರುಕ್ಮಾಬಾಯಿ
ಗದ್ದ ಮುಟ್ಟಿಕೊಳ್ಳುತ್ತಾಳೆ.
"ಇವತ್ತು ನೀಲಿ" ಅನ್ನುತ್ತಾಳೆ.